ಹತ್ತು ಸೆಕೆಂಡಿನ ಮೇಲೆ ಕಟ್ಟಿದ ಭರವಸೆ

(ದಾವಣಗೆರೆಯಲ್ಲಿ ಕ್ರೀಡಾಸಕ್ತ ಗೆಳೆಯರು ಸೇರಿದ್ದ ಒಂದು ಸಂಜೆ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಮತ್ತೆ ಮತ್ತೆ ಬಂದ ಮಾತುಗಳನ್ನು ತೆಗೆದಿದ್ದೇನೆ, ಅಂದು ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲಿನಲ್ಲಿ ಗರಡಿಮನೆಯಲ್ಲಿ ಮೈ ಹುರಿಗೊಳಿಸಿದ ಹಿರಿಯರು ಕೂತಿದ್ದೀರಿ. ಹಿಂದಿನ ಸಾಲಿನಲ್ಲಿ ಭಾನುವಾರ ಬೆಳಿಗ್ಗೆ ತಿಂಡಿ ತಟ್ಟೆಯ ಪಕ್ಕದಲ್ಲೇ ಮೊಬೈಲ್ ಇಟ್ಟುಕೊಂಡು ಯುಎಫ್‌ಸಿ, ಅಂದರೆ ಆ ಹೆಸರಿನ ಅಮೆರಿಕದ ಕಂಪನಿ ನಡೆಸುವ ಹೊಡೆದಾಟದ ಪಂದ್ಯ, ನೋಡುವ ಹುಡುಗರಿದ್ದೀರಿ. ಇಬ್ಬರಿಗೂ ಗೊತ್ತಿರುವ ಒಂದು ನೋವಿನ ಬಗ್ಗೆ ಇವತ್ತು ಮಾತಾಡುತ್ತೇನೆ. ನಾವು ನಂಬಿಕೊಂಡಿದ್ದ ಪೈಲ್ವಾನ ನಮ್ಮ ಕಣ್ಣೆದುರೇ ಬೀಳುವ ನೋವು. ಬಿದ್ದದ್ದಷ್ಟೇ ಆದರೆ ಸಹಿಸಬಹುದು. ಅದಾದ ಮೇಲೆ ನಾವೇ ಒಂದು ತೀರ್ಪು ಕೊಟ್ಟುಬಿಡುತ್ತೇವಲ್ಲ, ‘ಇವನು ಏನೋ ಆಗಬೇಕಿತ್ತು, ಆಗಲೇ ಇಲ್ಲ’ ಅಂತ, ಆ ತೀರ್ಪು ನನ್ನನ್ನು ಬಹಳ ವರ್ಷಗಳಿಂದ ಕಾಡಿದೆ.

ಯುರಾಯ ಹಾಲ್ ಒದ್ದ ಒಂದು ಒದೆತದಿಂದ ಶುರು ಮಾಡುತ್ತೇನೆ. 2013. ಯುಎಫ್‌ಸಿಯವರು ನಡೆಸುವ ‘ದಿ ಅಲ್ಟಿಮೇಟ್ ಫೈಟರ್’ ಅನ್ನುವ ಟಿವಿ ಸ್ಪರ್ಧೆಯ 17ನೆಯ ಆವೃತ್ತಿ. ಹೊಸಬರನ್ನೆಲ್ಲ ಒಂದೇ ಮನೆಯಲ್ಲಿ ಇಟ್ಟು ತಾಲೀಮು ಕೊಡುತ್ತಾರೆ, ಆಮೇಲೆ ಒಬ್ಬರ ಎದುರು ಒಬ್ಬರನ್ನು ಬಿಡುತ್ತಾರೆ. ಟಿಕೆಟ್ ಇಲ್ಲ, ಜನಜಂಗುಳಿ ಇಲ್ಲ, ಬರೀ ಜಿಮ್. ಹಾಲ್ ಎದುರು ಆಡಮ್ ಸೆಲ್ಲಾ. ಮೊದಲ ಸುತ್ತು ಇನ್ನೇನು ಮುಗಿಯಬೇಕು, ಹಾಲ್ ಬೆನ್ನು ತಿರುಗಿಸಿ ಗಿರಕಿ ಹೊಡೆದ. ಹಿಮ್ಮಡಿ ಕುಡುಗೋಲಿನ ಹಾಗೆ ಸುತ್ತಿ ಬಂದು ಸೆಲ್ಲಾನ ತಲೆಗೆ ಬಡಿಯಿತು. ಸೆಲ್ಲಾ ಮರದ ಕೊರಡಿನಂತೆ ಉರುಳಿದ. ಮುಂದಿನದನ್ನು ನಾನು ಮರೆತಿಲ್ಲ. ಆ ಜಿಮ್ ಪೂರ್ತಿ ಮೌನವಾಯಿತು, ಕೇಳಿಸುತ್ತಿದ್ದದ್ದು ಪ್ರಜ್ಞೆ ತಪ್ಪಿ ಬಿದ್ದವನ ಗೊರಕೆಯಂಥ ಉಸಿರು ಮಾತ್ರ. ಸುತ್ತ ಕೂತಿದ್ದ ಹೋರಾಟಗಾರರು, ಇದೇ ಕಸುಬಿನವರು, ಬಾಯಿಗೆ ಕೈ ಇಟ್ಟುಕೊಂಡಿದ್ದರು. ಹಾಲ್‌ನ ಮುಖದಲ್ಲಿ ಗೆದ್ದ ಖುಷಿಗಿಂತ ಗಾಬರಿ ಹೆಚ್ಚಿತ್ತು. ಸೆಲ್ಲಾ ಆಮೇಲೆ ಚೇತರಿಸಿಕೊಂಡ, ಮತ್ತೆ ಕಣಕ್ಕೂ ಇಳಿದ.

ಹಾಲ್‌ನ ಮುಂದಿನ ಪಂದ್ಯ ಒಂಬತ್ತು ಸೆಕೆಂಡಿಗೆ ಮುಗಿಯಿತು. ಅಷ್ಟು ಸಾಕಾಯಿತು. ಮಿಡ್ಲ್‌ವೇಟ್ ಅನ್ನುವ ತೂಕದ ವಿಭಾಗದ ರಾಜ ಆಂಡರ್ಸನ್ ಸಿಲ್ವಾನ ಉತ್ತರಾಧಿಕಾರಿ ಸಿಕ್ಕಿಬಿಟ್ಟ ಅಂತ ಅಭಿಮಾನಿಗಳು ಮಾತಾಡತೊಡಗಿದರು. ಆ ಒದೆತವನ್ನು ನಾನೇ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನೋಡಿದ ಪ್ರತಿ ಸಲವೂ ಆ ಮನುಷ್ಯ ನನ್ನ ಕಣ್ಣಿನಲ್ಲಿ ಇನ್ನೊಂದಷ್ಟು ದೊಡ್ಡವನಾದ.

ಏಪ್ರಿಲ್ 13ಕ್ಕೆ ಲಾಸ್ ವೇಗಸ್‌ನಲ್ಲಿ ಫೈನಲ್. ಎದುರಿಗೆ ಕೆಲ್ವಿನ್ ಗ್ಯಾಸ್ಟೆಲಂ, 21 ವರ್ಷದ ಗಿಡ್ಡ ಹುಡುಗ, ದುಂಡು ಮೈ. ಸ್ಪರ್ಧೆಯ ಆರಂಭದಲ್ಲಿ ಅವನ ಮೇಲೆ ಯಾರಿಗೂ ಅಂಥ ನಂಬಿಕೆ ಇರಲಿಲ್ಲ. ಹಾಲ್ ಕೈ ಕೆಳಗೆ ಬಿಟ್ಟು ಕುಣಿದ, ನಕ್ಕ, ಕಾದ. ಗ್ಯಾಸ್ಟೆಲಂ ಮುಂದೆ ಮುಂದೆ ಬಂದ, ಸೊಂಟ ಹಿಡಿದ, ನೆಲಕ್ಕೆ ಕೆಡವಿದ. ಮೂರು ಸುತ್ತು ಮುಗಿದಾಗ ಮೂವರು ತೀರ್ಪುಗಾರರಲ್ಲಿ ಇಬ್ಬರು ಗ್ಯಾಸ್ಟೆಲಂ ಕಡೆ. ಆಗಸ್ಟ್‌ನಲ್ಲಿ ಬಾಸ್ಟನ್‌ನಲ್ಲಿ ಜಾನ್ ಹೊವರ್ಡ್ ಎದುರು ಇನ್ನೂ ವಿಚಿತ್ರವಾಯಿತು. ಹಾಲ್ ಪಂದ್ಯದ ನಡುವೆಯೇ ಎದುರಾಳಿಯ ಕೈಗೆ ಕೈ ತಟ್ಟುತ್ತಿದ್ದ, ಬೀದಿಯಲ್ಲಿ ಸಿಕ್ಕ ಗೆಳೆಯನಿಗೆ ತಟ್ಟುವ ಹಾಗೆ. ಅದನ್ನೂ ಸೋತ. ಅಲ್ಲಿಂದ ಮುಂದೆ ಅವನ ಹೆಸರಿನ ಜೊತೆ ಒಂದು ಮಾತು ಅಂಟಿಕೊಂಡಿತು: ‘ಮೈ ಇದೆ, ಮನಸ್ಸಿಲ್ಲ.’

ನಾನೂ ಅದನ್ನೇ ಹೇಳಿದವನು. ಇವತ್ತು ಹೇಳುವುದಿಲ್ಲ. ಯಾಕೆ ಅನ್ನುವುದೇ ನನ್ನ ಮಾತಿನ ಸಾರ.

ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್, ಚಿಕ್ಕದಾಗಿ ಎಂಎಂಎ, ಹೇಗೆ ನಡೆಯುತ್ತದೆ ಅಂತ ಹಿರಿಯರಿಗೆ ಒಂದೆರಡು ಮಾತು. ಎಂಟು ಮೂಲೆಯ, ಸುತ್ತ ಜಾಲರಿಯ ಕಣ. ಸಾಮಾನ್ಯ ಪಂದ್ಯಕ್ಕೆ ಐದೈದು ನಿಮಿಷದ ಮೂರು ಸುತ್ತು, ಪಟ್ಟದ ಪಂದ್ಯಕ್ಕೂ ಆ ದಿನದ ಮುಖ್ಯ ಪಂದ್ಯಕ್ಕೂ ಐದು. ಗುದ್ದಬಹುದು, ಒದೆಯಬಹುದು, ಮೊಣಕೈ ಮೊಣಕಾಲು ಬಳಸಬಹುದು, ಕೆಡವಬಹುದು, ಕೆಡವಿದ ಮೇಲೆ ಕತ್ತು ಅಮುಕಬಹುದು, ಕೈಕಾಲು ತಿರುಚಬಹುದು. ಕೈಗವಸು ತೆಳ್ಳಗೆ, ನಾಲ್ಕು ಔನ್ಸಿನದು, ಬಾಕ್ಸಿಂಗ್‌ನಂತೆ ಉಬ್ಬಿದ್ದಲ್ಲ. ನಮ್ಮ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಮುಗಿಯಿತು. ಅಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೆ ಪಂದ್ಯದ ಇನ್ನೊಂದು ಅಧ್ಯಾಯ ತೆರೆಯುತ್ತದೆ. ಒಬ್ಬ ಮನುಷ್ಯ ಸೋಲುವುದಕ್ಕೆ ಇಷ್ಟು ದಾರಿಗಳಿರುವ ಆಟ ಇನ್ನೊಂದನ್ನು ನಾನು ನೋಡಿಲ್ಲ.

ಜೊತೆಗೆ, ಇವರು ವರ್ಷಕ್ಕೆ ಎರಡು ಮೂರು ಸಲ ಮಾತ್ರ ಕಣಕ್ಕಿಳಿಯುತ್ತಾರೆ. ಬ್ಯಾಟ್ಸ್‌ಮನ್ ಸೊನ್ನೆಗೆ ಔಟಾದರೆ ವಾರದೊಳಗೆ ಇನ್ನೊಂದು ಇನಿಂಗ್ಸ್ ಇರುತ್ತದೆ. ಇಲ್ಲಿ ಆರು ತಿಂಗಳು ಕಾಯಬೇಕು. ಆ ಆರು ತಿಂಗಳು ಅಭಿಮಾನಿಯ ಕೈಯಲ್ಲಿ ಇರುವುದು ಒಂದು ತುಣುಕು ವಿಡಿಯೊ, ಹತ್ತು ಸೆಕೆಂಡಿನದು. ಪಂದ್ಯ ನಡೆಸುವ ಕಂಪನಿಗೆ ಮುಂದಿನ ಟಿಕೆಟ್ ಮಾರಬೇಕು, ಅವರೂ ಅದನ್ನೇ ಮತ್ತೆ ಮತ್ತೆ ತೋರಿಸುತ್ತಾರೆ. ಹೀಗೆ ನಾವು ಒಬ್ಬನ ಅತಿ ಸೊಗಸಾದ ಹತ್ತು ಸೆಕೆಂಡನ್ನು ನೋಡಿ ಅವನ ಮೇಲೆ ಅರಮನೆ ಕಟ್ಟುತ್ತೇವೆ. ಕಣ ಮಾತ್ರ ಕೇಳುವುದೇ ಬೇರೆ. ನಿನ್ನ ಅತಿ ಕೆಟ್ಟ ಐದು ನಿಮಿಷ ಹೇಗಿರುತ್ತದೆ ತೋರಿಸು ಅನ್ನುತ್ತದೆ. ಉಸಿರು ಕಟ್ಟಿದಾಗ, ಕಣ್ಣಿಗೆ ರಕ್ತ ಇಳಿದಾಗ, ಬೆನ್ನು ಜಾಲರಿಗೆ ಒತ್ತಿದಾಗ ಏನು ಮಾಡುತ್ತೀ ಅಂತ ಕೇಳುತ್ತದೆ. ಆ ಉತ್ತರ ಹತ್ತು ಸೆಕೆಂಡಿನ ವಿಡಿಯೊದಲ್ಲಿ ಇರುವುದಿಲ್ಲ.

ಬಾಕ್ಸಿಂಗ್‌ನಲ್ಲಿ ಭರವಸೆಯ ಹುಡುಗನನ್ನು ಜೋಪಾನವಾಗಿ ಬೆಳೆಸುತ್ತಾರೆ. ಇಪ್ಪತ್ತು ಪಂದ್ಯದವರೆಗೂ ಅಳೆದು ತೂಗಿ ಎದುರಾಳಿ ಕೊಡುವುದುಂಟು. ಯುಎಫ್‌ಸಿಯಲ್ಲಿ ಆ ತಾಳ್ಮೆ ಕಡಿಮೆ. ಸಸಿ ನೆಟ್ಟ ವಾರಕ್ಕೇ ಬಿರುಗಾಳಿ.

ಮಿರ್ಕೊ ಫಿಲಿಪೊವಿಚ್ ಕಥೆ ಕೇಳಿ. ಕ್ರೊಯೇಷಿಯಾದ ಭಯೋತ್ಪಾದನೆ ನಿಗ್ರಹ ಪೊಲೀಸ್ ದಳದಲ್ಲಿ ಇದ್ದವನು, ಹಾಗಾಗಿ ‘ಕ್ರೊ ಕಾಪ್’ ಅನ್ನುವ ಹೆಸರು. ಬಲಗಾಲಿನ ಒದೆತ ತಿಂದರೆ ಆಸ್ಪತ್ರೆ, ಎಡಗಾಲಿನದಾದರೆ ಸ್ಮಶಾನ ಅನ್ನುವುದು ಅವನ ಪ್ರಸಿದ್ಧ ಮಾತು. ಜಪಾನಿನ ಪ್ರೈಡ್ ಸಂಸ್ಥೆಯ 2006ರ ತೂಕಮಿತಿಯಿಲ್ಲದ ಗ್ರ್ಯಾನ್ ಪ್ರಿಯನ್ನು ಸೆಪ್ಟೆಂಬರ್ 10ರಂದು ಗೆದ್ದ. ಅಂದೇ ಅವನ 32ನೆಯ ಹುಟ್ಟುಹಬ್ಬ. ಮರುವರ್ಷ ಯುಎಫ್‌ಸಿಗೆ ಬಂದಾಗ ಪಟ್ಟ ಅವನದೇ ಅಂತ ಎಲ್ಲರೂ ನಂಬಿದ್ದರು. 2007ರ ಏಪ್ರಿಲ್ 21, ಮ್ಯಾಂಚೆಸ್ಟರ್. ಎದುರಿಗೆ ಬ್ರೆಜಿಲ್‌ನ ಗೇಬ್ರಿಯಲ್ ಗೊನ್ಸಾಗಾ, ನೆಲದ ಪಟ್ಟುಗಳವನು. ಗೊನ್ಸಾಗಾ ಕೆಡವಿದ, ಮೇಲೆ ಕೂತು ಮೊಣಕೈಯಿಂದ ಮುಖಕ್ಕೆ ಜಜ್ಜಿದ. ರೆಫರಿ ಇಬ್ಬರನ್ನೂ ಎಬ್ಬಿಸಿ ನಿಲ್ಲಿಸಿದಾಗ ಅಭಿಮಾನಿಗಳಿಗೆ ಉಸಿರು ಬಂತು; ನಿಂತ ಆಟ ಕ್ರೊ ಕಾಪ್‌ನ ಸೊತ್ತು ತಾನೆ? ಸುತ್ತು ಮುಗಿಯಲು ಹತ್ತು ಸೆಕೆಂಡ್ ಕೂಡ ಉಳಿದಿರಲಿಲ್ಲ. ಗೊನ್ಸಾಗಾ ಬಲಗಾಲು ಎತ್ತಿ ಕ್ರೊ ಕಾಪ್‌ನ ತಲೆಗೇ ಒದ್ದ. ಅವನು ಬಿದ್ದ ರೀತಿ ನೋಡಲಾಗುತ್ತಿರಲಿಲ್ಲ, ಕಾಲು ಮೈಯಡಿ ಮಡಿಚಿ ಹೋಗಿತ್ತು. ಅವನದೇ ಅಸ್ತ್ರ, ಅವನ ಮೇಲೆ.

ಕಾರಣಗಳನ್ನು ತಣ್ಣಗೆ ಕೂತು ನೋಡಿದರೆ ಕಾಣುತ್ತವೆ. ಪ್ರೈಡ್‌ನ ಕಣ ಹಗ್ಗದ್ದು, ನಾಲ್ಕು ಮೂಲೆ. ಎದುರಾಳಿಯನ್ನು ಮೂಲೆಗೆ ಒತ್ತಿ ಒದೆಯಬಹುದಿತ್ತು. ಎಂಟು ಮೂಲೆಯ ಬಲೆಯಲ್ಲಿ ಮೂಲೆಯೇ ಸಿಗುವುದಿಲ್ಲ, ಜಾಲರಿಗೆ ಒತ್ತಿ ಹಿಡಿಯುವ ಕುಸ್ತಿ ಬೇರೆ. ಪ್ರೈಡ್‌ನಲ್ಲಿ ತಲೆಗೆ ಮೊಣಕೈ ಹೊಡೆತ ನಿಷಿದ್ಧ, ಯುಎಫ್‌ಸಿಯಲ್ಲಿ ಅದು ದಿನನಿತ್ಯದ ಮಾತು. ಹೊಸ ಊರಿಗೆ ಹೋದ ಕಮ್ಮಾರನಿಗೆ ಕುಲುಮೆ, ಅಡಿಗಲ್ಲು ಎರಡೂ ಬೇರೆ ಸಿಕ್ಕ ಹಾಗೆ. ಆದರೆ ಯಾರಿಗೆ ಬೇಕು ಈ ವಿವರ? ‘ಪ್ರೈಡ್‌ನಲ್ಲಿ ಗೆದ್ದದ್ದೆಲ್ಲ ಪೊಳ್ಳು’ ಅಂದರು ಒಂದು ಕಡೆಯವರು, ‘ನಮಗೆ ಮೋಸವಾಯಿತು’ ಅಂದರು ಇನ್ನೊಂದು ಕಡೆಯವರು.

ಎಂಟು ವರ್ಷ ಕಳೆದು 2015ರ ಏಪ್ರಿಲ್‌ನಲ್ಲಿ, ಪೋಲೆಂಡಿನ ಕ್ರಾಕೊವ್ ನಗರದಲ್ಲಿ ಇವರಿಬ್ಬರೂ ಮತ್ತೆ ಎದುರಾದರು. ಕ್ರೊ ಕಾಪ್‌ಗೆ ಆಗ 40 ವರ್ಷ. ಎರಡು ಸುತ್ತು ಹಿಂದೆ ಬಿದ್ದಿದ್ದ. ಮೂರನೆಯದರಲ್ಲಿ ಜಾಲರಿಯ ಬಳಿ ಹಿಡಿದಾಟದ ನಡುವೆ ಅವನ ಮೊಣಕೈ ಗೊನ್ಸಾಗಾನ ಮುಖಕ್ಕೆ ತಾಗಿತು, ಗೊನ್ಸಾಗಾ ಕುಸಿದ, ಕ್ರೊ ಕಾಪ್ ನೆಲದ ಮೇಲೂ ಮೊಣಕೈಯಿಂದಲೇ ಮುಗಿಸಿದ. ಅಂದು ಯಾವುದು ಅವನಿಗೆ ಬಾರದ ವಿದ್ಯೆಯಾಗಿತ್ತೋ ಅದೇ. ಮ್ಯಾಂಚೆಸ್ಟರ್‌ನ ಒದೆತ ನೋಡಿದವರಲ್ಲಿ ಎಷ್ಟು ಜನ ಕ್ರಾಕೊವ್‌ನ ಮೊಣಕೈ ನೋಡಿದ್ದೀರಿ? ಇಲ್ಲಿ ಎರಡೇ ಕೈ ಮೇಲೆದ್ದವು.

ಇನ್ನು ಸ್ಟಾಕ್‌ಹೋಮ್. ಅಲೆಕ್ಸಾಂಡರ್ ಗುಸ್ಟಾಫ್ಸನ್. ಇವನ ಬಗ್ಗೆ ಮಾತಾಡುವಾಗ ನನ್ನ ದನಿ ಸ್ವಲ್ಪ ಬದಲಾಗುತ್ತದೆ, ಕ್ಷಮಿಸಿ. 2013ರ ಸೆಪ್ಟೆಂಬರ್ 21ರಂದು ಟೊರೊಂಟೊದಲ್ಲಿ ಚಾಂಪಿಯನ್ ಜಾನ್ ಜೋನ್ಸ್ ಎದುರು ನಿಂತಾಗ ಇವನು ಎಷ್ಟು ಹೊತ್ತು ಉಳಿದಾನು ಅನ್ನುವುದೇ ಪ್ರಶ್ನೆಯಾಗಿತ್ತು. ಜೋನ್ಸ್‌ನನ್ನು ಯುಎಫ್‌ಸಿಯಲ್ಲಿ ಯಾರೂ ನೆಲಕ್ಕೆ ಕೆಡವಿರಲಿಲ್ಲ. ಗುಸ್ಟಾಫ್ಸನ್ ಮೊದಲ ಸುತ್ತಿನಲ್ಲೇ ಕೆಡವಿದ, ಕಣ್ಣಿನ ಮೇಲೆ ಸೀಳಿದ. ಐದು ಸುತ್ತು, 25 ನಿಮಿಷ. ನಾಲ್ಕನೆಯ ಸುತ್ತಿನ ಕೊನೆಯಲ್ಲಿ ಜೋನ್ಸ್ ಗಿರಕಿ ಹೊಡೆದು ಬಾರಿಸಿದ ಮೊಣಕೈ ಪಂದ್ಯವನ್ನು ಅವನ ಕಡೆಗೆ ಎಳೆಯಿತು. ಮೂವರೂ ತೀರ್ಪುಗಾರರು ಜೋನ್ಸ್‌ಗೇ ಕೊಟ್ಟರು. ಪಂದ್ಯ ಮುಗಿದ ಮೇಲೆ ಇಬ್ಬರೂ ಆಸ್ಪತ್ರೆ ಸೇರಿದರು. ಇದು ಹತ್ತು ಸೆಕೆಂಡಿನ ಭರವಸೆಯಲ್ಲ, ನ್ಯಾಯವಾಗಿ ದುಡಿದು ಗಳಿಸಿದ್ದು. ಆದರೂ ಏನಾಯಿತು ನೋಡಿ.

2015ರ ಜನವರಿ 24. ಅವನದೇ ದೇಶದ ರಾಜಧಾನಿ, ಟೆಲೆ2 ಅರೀನಾ, 30,000 ಜನ. ಗೆದ್ದರೆ ಜೋನ್ಸ್ ಎದುರು ಮತ್ತೊಂದು ಅವಕಾಶ. ಅಮೆರಿಕದ ಟಿವಿ ಹೊತ್ತಿಗೆ ಸರಿಹೊಂದಬೇಕೆಂದು ಮುಖ್ಯ ಪಂದ್ಯವನ್ನು ಸ್ವೀಡನ್‌ನಲ್ಲಿ ಬೆಳಗಿನ ಜಾವಕ್ಕೆ ಇಟ್ಟಿದ್ದರು. ಜನವರಿಯ ಆ ಚಳಿಯಲ್ಲಿ, ಆ ಹೊತ್ತಿನಲ್ಲಿ, ಅಷ್ಟು ಜನ ನಿದ್ದೆಗೆಟ್ಟು ಹಾಡುತ್ತಾ ಕಾದಿದ್ದರು. ಎದುರಿಗೆ ಆಂಥನಿ ಜಾನ್ಸನ್, ಕೈಯಲ್ಲಿ ಸಿಡಿಲು ಇಟ್ಟುಕೊಂಡ ಮನುಷ್ಯ. ಎರಡು ನಿಮಿಷ, 15 ಸೆಕೆಂಡ್. ಮೊದಲ ಸುತ್ತಿನಲ್ಲೇ ಎಲ್ಲ ಮುಗಿಯಿತು. ಗುಸ್ಟಾಫ್ಸನ್ ಎದ್ದು, ಕಣ್ಣು ತುಂಬಿಕೊಂಡು, ತನ್ನ ಜನರ ಕಡೆ ಮುಖ ಮಾಡಿ ನಿಂತ. ಅಷ್ಟು ದೊಡ್ಡ ಕಣದಲ್ಲಿ ಸದ್ದೇ ಇರಲಿಲ್ಲ.

ಅದೇ ವರ್ಷ ಹ್ಯೂಸ್ಟನ್‌ನಲ್ಲಿ ಡೇನಿಯಲ್ ಕಾರ್ಮಿಯೆ ಎದುರು ಪಟ್ಟದ ಪಂದ್ಯದಲ್ಲಿ ಒಬ್ಬ ತೀರ್ಪುಗಾರ ಗುಸ್ಟಾಫ್ಸನ್ ಕಡೆ, ಇಬ್ಬರು ಕಾರ್ಮಿಯೆ ಕಡೆ. 2018ರ ಡಿಸೆಂಬರ್‌ನಲ್ಲಿ ಜೋನ್ಸ್ ಎದುರು ಎರಡನೆಯ ಸಲ, ಈ ಸಾರಿ ಮೂರನೆಯ ಸುತ್ತಿನಲ್ಲಿ ಸೋಲು. ಮೂರು ಸಲ ಪಟ್ಟದ ಬಾಗಿಲಿಗೆ ಹೋದವನು, ಬಾಗಿಲು ಒಂದು ಸಲವೂ ತೆರೆಯಲಿಲ್ಲ. ಗುಸ್ಟಾಫ್ಸನ್ ತನ್ನ ಕಾಲದ ಅತಿ ದೊಡ್ಡ ಹೋರಾಟಗಾರರಲ್ಲಿ ಒಬ್ಬ ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೆ ಪಟ್ಟಿಗಳಲ್ಲಿ ಅವನ ಹೆಸರು ‘ನಿರಾಸೆ ಮಾಡಿದವರು’ ಅನ್ನುವ ತಲೆಬರಹದ ಕೆಳಗೇ ಬರುತ್ತದೆ. ನನಗೆ ಸಿಟ್ಟು ಬರುವುದು ಇಲ್ಲಿ. ಜೋನ್ಸ್, ಕಾರ್ಮಿಯೆ ಇಬ್ಬರೂ ಇದ್ದ ಕಾಲದಲ್ಲಿ ಹುಟ್ಟಿದ್ದು ಅವನ ಅಪರಾಧವೇ?

ಬಿ.ಜೆ. ಪೆನ್ ಸಂಗತಿ ಇನ್ನೂ ತೊಡಕಿನದು. ಹವಾಯಿಯ ಹಿಲೊ ಊರಿನವನು. 2000ದಲ್ಲಿ ಜಿಯು-ಜಿಟ್ಸು ಅನ್ನುವ ನೆಲದ ಪಟ್ಟುಗಳ ವಿದ್ಯೆಯ ವಿಶ್ವ ಚಾಂಪಿಯನ್‌ಶಿಪ್‌ನ ಬ್ಲ್ಯಾಕ್ ಬೆಲ್ಟ್ ವಿಭಾಗವನ್ನು ಗೆದ್ದ, ಬ್ರೆಜಿಲಿಯನ್ ಅಲ್ಲದವನೊಬ್ಬ ಅದನ್ನು ಗೆದ್ದದ್ದು ಅದೇ ಮೊದಲು. ಬೇರೆಯವರಿಗೆ ಹತ್ತು ವರ್ಷ ಹಿಡಿಯುವ ವಿದ್ಯೆ ಅವನಿಗೆ ಮೂರ್ನಾಲ್ಕು ವರ್ಷದಲ್ಲಿ ಒಲಿದಿತ್ತು. ‘ಪ್ರಾಡಿಜಿ’ ಅಂತಲೇ ಕರೆದರು, ಬಾಲಪ್ರತಿಭೆ. 2004ರ ಜನವರಿ 31ಕ್ಕೆ ತನಗಿಂತ ಮೇಲಿನ ತೂಕದ ಚಾಂಪಿಯನ್ ಮ್ಯಾಟ್ ಹ್ಯೂಸ್‌ನನ್ನು ಮೊದಲ ಸುತ್ತಿನಲ್ಲೇ ಕತ್ತು ಅಮುಕಿ ಗೆದ್ದ. ಹ್ಯೂಸ್ ಅಂದರೆ ಆಗ ಐದು ಸಲ ಪಟ್ಟ ಉಳಿಸಿಕೊಂಡಿದ್ದವನು. 2008ರಲ್ಲಿ ಲೈಟ್‌ವೇಟ್ ಪಟ್ಟವೂ ಬಂತು. ಎರಡು ತೂಕದಲ್ಲಿ ಪಟ್ಟ ಕಟ್ಟಿಸಿಕೊಂಡವನನ್ನು ಸೋತವನು ಅನ್ನುವುದು ಹೇಗೆ? ಆದರೂ ಅವನ ಅಭಿಮಾನಿಗಳೇ, ನಾನೂ ಸೇರಿ, ಅನ್ನುತ್ತೇವೆ.

ಯಾಕೆಂದರೆ ಪೆನ್ ಕಣದಲ್ಲಿ ಮೊದಲ ಹತ್ತು ನಿಮಿಷ ದೇವರ ಹಾಗೆ ಇರುತ್ತಿದ್ದ. 2006ರ ಸೆಪ್ಟೆಂಬರ್‌ನಲ್ಲಿ ಹ್ಯೂಸ್ ಜೊತೆ ಎರಡನೆಯ ಪಂದ್ಯ ತೆಗೆದು ನೋಡಿ. ಎರಡು ಸುತ್ತು ಪೆನ್‌ನದೇ. ಎರಡನೆಯ ಸುತ್ತಿನ ಕೊನೆಗೆ ಹ್ಯೂಸ್‌ನ ಬೆನ್ನೇರಿ ಕಾಲಿನಿಂದ ಕತ್ತರಿ ಹಾಕಿದ್ದ, ಇನ್ನು ಸ್ವಲ್ಪ ಸಮಯ ಇದ್ದಿದ್ದರೆ ಮುಗಿಯುತ್ತಿತ್ತು. ಮೂರನೆಯ ಸುತ್ತಿಗೆ ಎದ್ದು ಬಂದದ್ದು ಬೇರೆಯೇ ಮನುಷ್ಯ. ಪಕ್ಕೆಲುಬಿನ ನೋವು, ಉಸಿರಿಲ್ಲ, ಕಾಲಲ್ಲಿ ಜೀವವಿಲ್ಲ. ಹ್ಯೂಸ್ ಅವನನ್ನು ಕೆಡವಿ, ಎರಡೂ ಕೈ ಕಟ್ಟಿಹಾಕಿದಂತೆ ಹಿಡಿದು, ಮುಖಕ್ಕೆ ಗುದ್ದುತ್ತಾ ಹೋದ. ಆ ಮೂರನೆಯ ಸುತ್ತೇ ಪೆನ್‌ನ ಜೀವನಚರಿತ್ರೆ ಅಂತ ನನಗೆ ಅನ್ನಿಸುತ್ತದೆ.

ವಿದ್ಯೆ ಬೇಗ ಒಲಿದವನಿಗೆ ತಾಲೀಮಿನ ಬೇಸರವನ್ನು ಸಹಿಸುವ ಅಭ್ಯಾಸ ತಡವಾಗಿ ಬರುತ್ತದೆ. ಕೆಲವರಿಗೆ ಬರುವುದೇ ಇಲ್ಲ. ಗರಡಿಯಲ್ಲಿ ವಸ್ತಾದರು ಪಟ್ಟು ಕಲಿಸುವ ಮುಂಚೆ ತಿಂಗಳುಗಟ್ಟಲೆ ಸಾಮು, ಬಸ್ಕಿ ಯಾಕೆ ಮಾಡಿಸುತ್ತಿದ್ದರು ಅಂತ ಇಲ್ಲಿರುವ ಹಿರಿಯರಿಗೆ ನಾನು ಹೇಳಬೇಕಿಲ್ಲ. 2010ರ ಏಪ್ರಿಲ್‌ನಲ್ಲಿ ಅಬುಧಾಬಿಯಲ್ಲಿ ಫ್ರ್ಯಾಂಕಿ ಎಡ್ಗರ್ ಅನ್ನುವ, ದಣಿವೆಂದರೇನೆಂದೇ ತಿಳಿಯದ ಪುಟ್ಟ ಮನುಷ್ಯ ಐದು ಸುತ್ತು ಓಡಿ ಓಡಿ ಹೊಡೆದು ಪಟ್ಟ ಕಿತ್ತುಕೊಂಡ. 2011ರಿಂದ 2019ರವರೆಗೆ ಪೆನ್ ಏಳು ಪಂದ್ಯ ಸತತವಾಗಿ ಸೋತ. ಕೊನೆಯ ಲೆಕ್ಕ 16 ಗೆಲುವು, 14 ಸೋಲು, 2 ಸಮ. ನಿವೃತ್ತಿ ಹೇಳಿದ್ದ, ಹಿಂದೆ ಬಂದ. 2015ರಲ್ಲಿ ಅವನನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿ ಗೌರವಿಸಿದರು, ಅದಾದ ಮೇಲೂ ನಾಲ್ಕು ಸಲ ಕಣಕ್ಕಿಳಿದು ನಾಲ್ಕನ್ನೂ ಸೋತ. ಪ್ರತಿ ಸಲವೂ ನಾವು ‘ಈ ಸಲ ಹಳೆಯ ಪೆನ್ ಬರುತ್ತಾನೆ’ ಅಂತ ಕಾದೆವು. ನಾವು ಕಾಯುವುದನ್ನು ನಿಲ್ಲಿಸಿದ್ದರೆ ಅವನೂ ಬರುವುದನ್ನು ನಿಲ್ಲಿಸುತ್ತಿದ್ದನೋ ಏನೋ ಅನ್ನುವ ಅಳುಕು ನನಗೆ ಇವತ್ತಿಗೂ ಇದೆ.

ಆ ಏಳು ಸತತ ಸೋಲಿನ ದಾಖಲೆಯನ್ನು 2024ರಲ್ಲಿ ಟೋನಿ ಫರ್ಗುಸನ್ ಮೀರಿದ, ಎಂಟು. ಫರ್ಗುಸನ್ ಕಥೆ ಒಂದು ರೀತಿಯಲ್ಲಿ ಎಲ್ಲಕ್ಕಿಂತ ಕ್ರೂರ. 12 ಪಂದ್ಯ ಸತತವಾಗಿ ಗೆದ್ದವನು ಅವನು. ಸೋಲನ್ನೇ ಕಾಣದ ರಷ್ಯಾದ ಖಬೀಬ್ ನುರ್ಮಗೊಮೆದೊವ್ ಜೊತೆ ಐದು ಸಲ ಪಂದ್ಯ ಗೊತ್ತಾಯಿತು, ಐದು ಸಲವೂ ಮುರಿಯಿತು. ಒಮ್ಮೆ ಖಬೀಬ್‌ನ ಪಕ್ಕೆಲುಬು, ಒಮ್ಮೆ ಫರ್ಗುಸನ್‌ನ ಶ್ವಾಸಕೋಶದಲ್ಲಿ ನೀರು, ಒಮ್ಮೆ ಖಬೀಬ್ ತೂಕ ಇಳಿಸಲು ಹೋಗಿ ಆಸ್ಪತ್ರೆ ಸೇರಿದ್ದು. ನಾಲ್ಕನೆಯದು 2018ರ ಏಪ್ರಿಲ್: ಪಂದ್ಯಕ್ಕೆ ವಾರವಿದೆ ಅನ್ನುವಾಗ ಫರ್ಗುಸನ್ ಪ್ರಚಾರಕ್ಕೆಂದು ಟಿವಿ ಸ್ಟುಡಿಯೊಗೆ ಹೋದ, ನೆಲದ ಮೇಲಿದ್ದ ಕೇಬಲ್ ಎಡವಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡ. ಸುದ್ದಿ ಬಂದ ದಿನ ಏಪ್ರಿಲ್ 1, ಜನ ನಂಬಲೇ ಇಲ್ಲ. ಐದನೆಯ ಸಲ, 2020ರಲ್ಲಿ, ಕೊರೊನಾ. ಖಬೀಬ್ ಬದಲು ಜಸ್ಟಿನ್ ಗೇಚಿ ಬಂದ, ಫರ್ಗುಸನ್‌ನನ್ನು ಐದನೆಯ ಸುತ್ತಿನವರೆಗೂ ಬಡಿದು ಹಾಕಿದ. ಅಲ್ಲಿಂದ ಇಳಿಜಾರು. ಖಬೀಬ್ ಜೊತೆಗಿನ ಆ ಪಂದ್ಯ ನಡೆದಿದ್ದರೆ ಅವನು ಗೆಲ್ಲುತ್ತಿದ್ದನೇ? ನನಗೆ ಅನುಮಾನ. ಆದರೆ ನಮ್ಮ ಭರವಸೆಯನ್ನು ಪರೀಕ್ಷೆಗೆ ಹಚ್ಚುವ ಹಕ್ಕಾದರೂ ಅವನಿಗೆ ಸಿಗಬೇಕಿತ್ತು, ಅದೂ ಸಿಗಲಿಲ್ಲ.

ಕೇನ್ ವೆಲಾಸ್ಕೆಜ್‌ದು ಮೈಯ ಕಥೆ. ಹೆವಿವೇಟ್ ಆಗಿದ್ದೂ ಹಗುರ ತೂಕದವರಂತೆ ನಿಲ್ಲದೆ ದುಡಿಯುತ್ತಿದ್ದ. 2010ರಲ್ಲಿ ಆಗಿನ ಚಾಂಪಿಯನ್ ಬ್ರಾಕ್ ಲೆಸ್ನರ್‌ನನ್ನು ಮೊದಲ ಸುತ್ತಿನಲ್ಲೇ ಉರುಳಿಸಿದಾಗ ಹತ್ತು ವರ್ಷ ಇವನದೇ ರಾಜ್ಯ ಅಂದುಕೊಂಡೆವು. ಆಮೇಲೆ ಮೊಣಕಾಲು, ಭುಜ, ಬೆನ್ನು ಅಂತ ಒಂದಾದ ಮೇಲೊಂದು ಶಸ್ತ್ರಚಿಕಿತ್ಸೆ. 2015ರಲ್ಲಿ, ಸಮುದ್ರಮಟ್ಟಕ್ಕಿಂತ 2,200 ಮೀಟರ್‌ಗೂ ಎತ್ತರದ ಮೆಕ್ಸಿಕೊ ನಗರದಲ್ಲಿ, ಆ ತೆಳುಗಾಳಿಗೆ ಮೈ ಒಗ್ಗಿಸಿಕೊಳ್ಳಲು ವಾರಗಟ್ಟಲೆ ಮೊದಲೇ ಬಂದಿದ್ದ ಫ್ಯಾಬ್ರಿಸಿಯೊ ವೆರ್ಡುಂ ಎದುರು ಉಸಿರು ಸಾಲದೆ ಸೋತ. ವೃತ್ತಿಯ ಒಟ್ಟು ಲೆಕ್ಕ 17 ಪಂದ್ಯ, 14 ಗೆಲುವು. ದೇಹ ಕೊಟ್ಟದ್ದು ಅಷ್ಟೇ.

ಇನ್ನು ಕೆಲವರನ್ನು ಮಾರುಕಟ್ಟೆಯೇ ಕಟ್ಟಿ ನಿಲ್ಲಿಸಿತು. ಹಿತ್ತಲಲ್ಲಿ ಬರಿಗೈಯಲ್ಲಿ ಹೊಡೆದಾಡಿದ ವಿಡಿಯೊಗಳಿಂದ ಹೆಸರಾದ ಕಿಂಬೊ ಸ್ಲೈಸ್ 2008ರ ಅಕ್ಟೋಬರ್ 4ರಂದು, ಕೊನೆ ಗಳಿಗೆಯಲ್ಲಿ ಬದಲಿಯಾಗಿ ಬಂದ ಸೆತ್ ಪೆಟ್ರುಜೆಲಿ ಎದುರು 14 ಸೆಕೆಂಡಿನಲ್ಲಿ ಬಿದ್ದ. ಅವನನ್ನೇ ನಂಬಿದ್ದ ಎಲೀಟ್‌ಎಕ್ಸ್‌ಸಿ ಕಂಪನಿ ಅದೇ ತಿಂಗಳು ಬಾಗಿಲು ಹಾಕಿತು. ಒಬ್ಬ ಮನುಷ್ಯನ ಬೆನ್ನ ಮೇಲೆ ಇಡೀ ಕಂಪನಿಯನ್ನು ಹೇರಿದ್ದರು. 19ರ ಹರೆಯದಲ್ಲೇ ಯುಎಫ್‌ಸಿ ಸೇರಿದ ಸೇಜ್ ನಾರ್ತ್‌ಕಟ್‌ನನ್ನು ಚಂದದ ಮುಖ, ಕರಾಟೆ, ಕಟ್ಟುಮಸ್ತಾದ ಮೈ ನೋಡಿ ಎತ್ತಿ ಹಿಡಿದರು. 2019ರ ಮೇನಲ್ಲಿ ಸಿಂಗಪುರದಲ್ಲಿ, ಅವನಿಗಿಂತ ಎಷ್ಟೋ ಅನುಭವಿಯಾದ ಕಿಕ್‌ಬಾಕ್ಸರ್ ಕಾಸ್ಮೊ ಅಲೆಕ್ಸಾಂಡ್ರೆಯ ಒಂದೇ ಗುದ್ದಿಗೆ ಮುಖದ ಎಂಟು ಮೂಳೆ ಮುರಿದವು. 29 ಸೆಕೆಂಡಿನ ಪಂದ್ಯ, ಒಂಬತ್ತು ಗಂಟೆಯ ಶಸ್ತ್ರಚಿಕಿತ್ಸೆ. ನಾಲ್ಕು ವರ್ಷದ ಮೇಲೆ ವಾಪಸ್ ಬಂದು ಗೆದ್ದ. ಆ ಹುಡುಗನನ್ನು ಹೀಗಳೆಯುವವರ ಜೊತೆ ನಾನು ವಾದಕ್ಕೂ ನಿಲ್ಲುವುದಿಲ್ಲ.

ಈಗ ಹಾಲ್ ಕಡೆ ವಾಪಸ್ ಬರುತ್ತೇನೆ. ‘ಮನಸ್ಸಿಲ್ಲದವನು’ 2014ರಲ್ಲಿ ಥಿಯಾಗೊ ಸ್ಯಾಂಟೊಸ್ ಎದುರು ಕಾಲ್ಬೆರಳಿನ ಮೂಳೆ ಚರ್ಮದಿಂದ ಹೊರಬಂದ ಮೇಲೂ ನಿಂತು ಮೂರು ಸುತ್ತು ಮುಗಿಸಿ ಗೆದ್ದ. ಆ ಸ್ಯಾಂಟೊಸ್ ಮುಂದೆ ಜಾನ್ ಜೋನ್ಸ್ ಎದುರು ಪಟ್ಟಕ್ಕೆ ಹೋರಾಡಿದವನು. 2015ರಲ್ಲಿ ಜಪಾನಿನ ಸೈತಾಮಾದಲ್ಲಿ, ಎಲ್ಲ ವಿಧದಲ್ಲೂ ತನಗಿಂತ ಮೇಲೆಂದು ಎಣಿಸಿದ್ದ ಗೆಗಾರ್ಡ್ ಮೌಸಾಸಿಯನ್ನು ಮತ್ತೆ ಅದೇ ಥರ ಬೆನ್ನು ತಿರುಗಿಸಿ ಗಿರಕಿ ಹೊಡೆದು ಉರುಳಿಸಿದ. ಆಮೇಲೆ ಮತ್ತೆ ಸೋತ, ಗೆದ್ದ, ಸೋತ. ಬಾಲ್ಯದಲ್ಲಿ ಜಮೈಕಾದಿಂದ ನ್ಯೂಯಾರ್ಕ್‌ಗೆ ಬಂದು, ಶಾಲೆಯಲ್ಲಿ ಕಾಟ ತಿಂದು, ಅದರಿಂದ ಪಾರಾಗಲು ಕರಾಟೆ ಹಿಡಿದವನು ಅವನು. ಇನ್ನೊಬ್ಬನಿಗೆ ನೋವು ಕೊಡುವುದರಲ್ಲಿ ಅವನಿಗೆ ಸುಖವಿರಲಿಲ್ಲ ಅಂತ ನಾನು ಓದಿಕೊಂಡಿದ್ದೇನೆ, ಅವನ ಪಂದ್ಯಗಳಲ್ಲಿ.

2020ರ ಅಕ್ಟೋಬರ್ 31, ಲಾಸ್ ವೇಗಸ್. ಕೊರೊನಾ ಕಾಲ, ಪ್ರೇಕ್ಷಕರಿಲ್ಲ. ಎದುರಿಗೆ 45 ವರ್ಷದ ಆಂಡರ್ಸನ್ ಸಿಲ್ವಾ, ಹಾಲ್ ಆರಾಧಿಸಿ ಬೆಳೆದ ಮನುಷ್ಯ, ಯಾರ ಜಾಗಕ್ಕೆ ನಾವು ಹಾಲ್‌ನನ್ನು ಕೂರಿಸಲು ಹೊರಟಿದ್ದೆವೋ ಅವನೇ. ನಾಲ್ಕನೆಯ ಸುತ್ತಿನಲ್ಲಿ ಹಾಲ್ ಹೊಡೆದು ಬೀಳಿಸಿದ, ರೆಫರಿ ನಿಲ್ಲಿಸಿದ. ಹಾಲ್ ಸಿಲ್ವಾನ ಬಳಿ ಹೋಗಿ ಅಳುತ್ತಾ ಕ್ಷಮೆ ಕೇಳಿದ. ಚಪ್ಪಾಳೆ ತಟ್ಟಿ ಅಳು ಮುಚ್ಚಿಹಾಕಲು ಯಾರೂ ಇರಲಿಲ್ಲ, ಆ ಬಿಕ್ಕು ಮೈಕಿಗೆ ಪೂರ್ತಿ ಕೇಳಿತು. ಆ ಅಳುವನ್ನು ಕೇಳಿದ ಮೇಲೆ ನಾನು ‘ಮೈ ಇದೆ, ಮನಸ್ಸಿಲ್ಲ’ ಅನ್ನುವುದನ್ನು ಬಿಟ್ಟೆ.

ನಮ್ಮವರ ಮಾತಿಗೆ ಬರೋಣ. ಬ್ರ್ಯಾಂಡನ್ ವೆರಾ ಅನ್ನುವವನು 2006ರಲ್ಲಿ ಮಾಜಿ ಚಾಂಪಿಯನ್ ಫ್ರ್ಯಾಂಕ್ ಮಿರ್‌ನನ್ನು ಒಂದು ನಿಮಿಷ ಒಂಬತ್ತು ಸೆಕೆಂಡಿನಲ್ಲಿ ಮುಗಿಸಿ, ಎರಡು ತೂಕದ ಪಟ್ಟಗಳನ್ನು ಒಟ್ಟಿಗೇ ಕಟ್ಟುತ್ತೇನೆ ಅಂದಿದ್ದ. ಯುಎಫ್‌ಸಿಯಲ್ಲಿ ಒಂದೂ ಸಿಗಲಿಲ್ಲ. ಆದರೆ 2015ರಲ್ಲಿ ಮನಿಲಾದಲ್ಲಿ, ತನ್ನ ತಂದೆಯ ನಾಡಿನ ಜನರ ಎದುರು, ಏಷ್ಯಾದ ಎಂಎಂಎ ಸಂಸ್ಥೆ ಒನ್ ಚಾಂಪಿಯನ್‌ಶಿಪ್‌ನ ಹೆವಿವೇಟ್ ಪಟ್ಟ ಗೆದ್ದ. 2021ರ ಮೇನಲ್ಲಿ ಅದನ್ನು ಅವನಿಂದ ಕಿತ್ತುಕೊಂಡವನು ಅರ್ಜನ್ ಭುಲ್ಲರ್, ಕೆನಡಾದ ಪಂಜಾಬಿ, 2010ರ ದೆಹಲಿ ಕಾಮನ್‌ವೆಲ್ತ್ ಕೂಟದ ಕುಸ್ತಿ ಚಿನ್ನದವನು. ಭಾರತೀಯ ಮೂಲದವನೊಬ್ಬ ಎಂಎಂಎಯ ದೊಡ್ಡ ಪಟ್ಟ ಕಟ್ಟಿದ ದಿನ ಅದು. ಅಲ್ಲಿಂದ ನಮ್ಮ ಹುಡುಗರಿಗೂ ರೆಕ್ಕೆ ಬಂತು.

ಉತ್ತರಾಖಂಡದ ಅಂಶುಲ್ ಜುಬ್ಲಿ 2023ರ ಫೆಬ್ರುವರಿಯಲ್ಲಿ ಯುಎಫ್‌ಸಿ ಸೇರಲು ದಾರಿಯಾದ ‘ರೋಡ್ ಟು ಯುಎಫ್‌ಸಿ’ ಸ್ಪರ್ಧೆ ಗೆದ್ದಾಗ ನಾವೆಲ್ಲ ಕುಣಿದೆವು. ಆಗ ಏಳು ಪಂದ್ಯ, ಏಳು ಗೆಲುವು. ಅಕ್ಟೋಬರ್‌ನಲ್ಲಿ ಅಬುಧಾಬಿಯಲ್ಲಿ ಮೈಕ್ ಬ್ರೀಡನ್ ಎದುರು. ಯುಎಫ್‌ಸಿಯಲ್ಲಿ ಅದುವರೆಗೆ ಒಂದೂ ಗೆಲ್ಲದವನು, ತೂಕದ ಮಿತಿಯನ್ನೂ ಮೀರಿ ಬಂದಿದ್ದವನು. ಮೂರನೆಯ ಸುತ್ತಿನಲ್ಲಿ ಜುಬ್ಲಿ ನಾಕೌಟ್. 2025ರ ಫೆಬ್ರುವರಿಯಲ್ಲಿ ಸಿಡ್ನಿಯಲ್ಲಿ ಕ್ವಿಲನ್ ಸಾಲ್ಕಿಲ್ಡ್ ಎದುರು 19 ಸೆಕೆಂಡ್. ಒಂದು ದೇಶದ ಭಾರ, ಏಳು ಪಂದ್ಯದ ಅನುಭವ. ಸೋಲುವ ಮುಂಚೆ ಎಷ್ಟು ಜನ ಅವನ ಫೋಟೊ ಹಾಕಿದ್ದರೋ, ಆಮೇಲೆ ಅಷ್ಟೇ ಜನ ಬೈದರು. ಬಲಿಷ್ಠ ಜೊತೆಗಾರರ ಜೊತೆ ದಿನವೂ ಗುದ್ದಾಡುವ ಜಿಮ್‌ಗಳು ನಮ್ಮಲ್ಲಿ ಎಷ್ಟಿವೆ, ಉತ್ತಮ ಮಟ್ಟದ ಪಂದ್ಯಗಳು ವರ್ಷಕ್ಕೆ ಎಷ್ಟು ಸಿಗುತ್ತವೆ ಅಂತ ಕೇಳಿದವರು ಕಡಿಮೆ. 2024ರ ಜೂನ್‌ನಲ್ಲಿ ಪೂಜಾ ತೋಮರ್ ಅವರು ಲೂಯಿವಿಲ್‌ನಲ್ಲಿ ಗೆದ್ದು, ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಮುಂದಿನ ಪಂದ್ಯ ಸೋತಾಗ ಅವರಿಗೂ ಅದೇ ಬೈಗುಳ ಬಿತ್ತು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗ ಎದ್ದ. ಕಾಲೇಜು ಓದುವವನು, ಕಿವಿಯ ಅಂಚು ಆಗಲೇ ಸ್ವಲ್ಪ ಗಡ್ಡೆಕಟ್ಟಿತ್ತು. ಕುಸ್ತಿ ಮಾಡುವವನೆಂದು ನೋಡಿದರೇ ಗೊತ್ತಾಗುತ್ತಿತ್ತು. ‘ಸರ್, ಜುಬ್ಲಿ ಮುಗಿದ ಕಥೆ ಅಲ್ವಾ?’ ಅಂದ.

‘ಬ್ರೀಡನ್ ಪಂದ್ಯ ನೋಡಿದ್ದೀಯೇನಪ್ಪ?’

‘ನೋಡಿದ್ದೀನಿ ಸರ್.’

‘ಮೊದಲನೇ ಸುತ್ತು ಹೇಗಿತ್ತು?’

ಸುಮ್ಮನಾದ. ಆಮೇಲೆ ಮೆಲ್ಲಗೆ ಹೇಳಿದ, ‘ನಾಕೌಟ್ ಅಷ್ಟೇ ನೋಡಿದ್ದು ಸರ್. ರೀಲ್ಸ್‌ನಲ್ಲಿ ಬಂದಿತ್ತು.’

ಮೊದಲೆರಡು ಸುತ್ತಿನ ಹೆಚ್ಚಿನ ಹೊತ್ತು ಪಂದ್ಯ ಜುಬ್ಲಿಯ ಕೈಯಲ್ಲೇ ಇತ್ತು ಅಂತ ಹೇಳಿದೆ. ಕುರ್ಚಿಗಳನ್ನು ಮಡಿಚಿ ಒಂದರ ಮೇಲೊಂದು ಇಡುತ್ತಿದ್ದರು, ಕಾವಲಿನವರು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆ ಹುಡುಗ ಮಾತ್ರ ಉಳಿದ ಒಂದು ಕುರ್ಚಿಯಲ್ಲಿ ಕೂತು, ಮೊಬೈಲ್ ಅಡ್ಡ ಹಿಡಿದು, ಪೂರ್ತಿ ಪಂದ್ಯ ಹುಡುಕುತ್ತಿದ್ದ.